ನಾಮಪತ್ರಕ್ಕೂ ಮುನ್ನ ನಮಸ್ಕಾರ

ಮುಳಬಾಗಿಲಿನಿಂದ ಕುರುಡುಮಲೆಗೆ ಹತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಉಳಿದ ದಿನಗಳಲ್ಲಿ ಟೊಮೆಟೊ ಕ್ರೇಟು ಹೇರಿಕೊಂಡ ಟೆಂಪೊ, ಡೇರಿಗೆ ಹಾಲು ಹಾಕಿ ಬರುವ ಬೈಕು, ಸಂಕಷ್ಟಿಗೆ ಬಂದ ನಾಲ್ಕಾರು ಕಾರು ಬಿಟ್ಟರೆ ಇಲ್ಲಿ ದೊಡ್ಡ ಗಲಾಟೆಯಿಲ್ಲ. ಚುನಾವಣೆ ಘೋಷಣೆಯಾದ ವಾರ ಮಾತ್ರ ಊರಿನ ಚಹರೆಯೇ ಬದಲಾಗುತ್ತದೆ. ಬಿಳಿ ಕಾರುಗಳ ಸಾಲು ಊರಾಚೆಯೇ ನಿಂತುಬಿಡುತ್ತದೆ. ತಮಟೆಯವರು ಬೆಳಿಗ್ಗೆಯಿಂದ ಬಡಿಯುತ್ತಿರುತ್ತಾರೆ. ಕ್ರೇನಿನ ಕೊಂಡಿಗೆ ಸೇಬಿನ ಹಾರ ತೂಗಾಡುತ್ತಿರುತ್ತದೆ. ಗುಡಿಯೊಳಗೆ ಅಭ್ಯರ್ಥಿ ಮುಂದೆ, ಜಿಲ್ಲಾಧ್ಯಕ್ಷರು ಅವರ ಬೆನ್ನಿಗೆ, ಟಿಕೆಟ್ ತಪ್ಪಿದವರು ಇನ್ನೂ ಹಿಂದೆ, ಮುಖ ಗಂಟಿಕ್ಕಿಕೊಂಡು. ಅರ್ಚಕರು ಬಿ ಫಾರಂ ಇರುವ ಕವರನ್ನು ತಟ್ಟೆಯಲ್ಲಿಟ್ಟು ಗಣಪನ ಪಾದಕ್ಕೆ ಮುಟ್ಟಿಸಿ, ಮೂಲೆಗೆ ಕುಂಕುಮ ಹಚ್ಚಿ ವಾಪಸು ಕೊಡುತ್ತಾರೆ. ಅಭ್ಯರ್ಥಿ ಕಣ್ಣು ಮುಚ್ಚುತ್ತಾರೆ. ಆ ಅರೆಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಸುತ್ತ ನಿಂತ ಇನ್ನೂರು ಮಂದಿಯಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ. ಅವರ ಮೊಬೈಲುಗಳಲ್ಲಿ ಉಳಿಯುವುದು ಮುಚ್ಚಿದ ಕಣ್ಣು ಮಾತ್ರ.

ನಾಯಕರ ಭಕ್ತಿ ಎಂಬ ವಿಷಯ ಕೈಗೆ ಸಿಗದೆ ಜಾರುವುದು ಇಲ್ಲಿಯೇ. ಒಳಗಿನ ನಂಬಿಕೆಯನ್ನು ಯಾರೂ ಅಳೆಯಲಾರರು. ಹೊರಗಿನ ನಮಸ್ಕಾರವನ್ನು ಮಾತ್ರ ಎಲ್ಲರೂ ಅಳೆಯುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರಾಜಕೀಯವನ್ನು ಹತ್ತಿರದಿಂದ ನೋಡಿದವರಿಗೆ ಒಂದು ಮಾತು ಹೊಳೆಯದೆ ಇರುವುದಿಲ್ಲ: ಈ ಸೀಮೆಯ ಜನ ನಾಯಕರಿಂದ ಕೇಳುವುದು ದೇವರ ಮೇಲಿನ ಭಕ್ತಿಯನ್ನಲ್ಲ, ತಮ್ಮ ಊರ ದೇವರಿಗೆ ಸಲ್ಲಬೇಕಾದ ಮರ್ಯಾದೆಯನ್ನು.

ಒಂದೇ ಗಣಪ, ಎಲ್ಲ ಪಕ್ಷದವರಿಗೂ

ಕುರುಡುಮಲೆಯ ಗಣಪತಿ ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 13 ಅಡಿ ಎತ್ತರದ ವಿಗ್ರಹ. ಬ್ರಹ್ಮ, ವಿಷ್ಣು, ಮಹೇಶ್ವರರೇ ಕೂಡಿ ತ್ರಿಪುರ ಸಂಹಾರಕ್ಕೆ ಮೊದಲು ಇಲ್ಲಿ ಗಣಪನನ್ನು ಪ್ರತಿಷ್ಠಾಪಿಸಿದರು ಎನ್ನುವುದು ಸ್ಥಳಪುರಾಣ. ತ್ರಿಮೂರ್ತಿಗಳೇ ಯುದ್ಧಕ್ಕೆ ಹೊರಡುವ ಮುನ್ನ ಇಲ್ಲಿ ಕೈ ಮುಗಿದಿದ್ದರೆಂದ ಮೇಲೆ ಅಭ್ಯರ್ಥಿಗಳು ಮುಗಿಯದಿದ್ದರೆ ಹೇಗೆ?

ಈ ಗುಡಿಗೆ ಇಂದಿನ ರಾಜಕೀಯ ಖ್ಯಾತಿ ತಂದುಕೊಟ್ಟಿದ್ದು 1999ರ ಚುನಾವಣೆ. ಆಗ ಕೆಪಿಸಿಸಿ ಅಧ್ಯಕ್ಷರಾಗಿದ್ದ ಎಸ್‌.ಎಂ. ಕೃಷ್ಣ ತಮ್ಮ 'ಪಾಂಚಜನ್ಯ' ಯಾತ್ರೆಯನ್ನು ಇಲ್ಲಿಂದ ಹೊರಡಿಸಿದರು. 224 ಸ್ಥಾನಗಳಲ್ಲಿ ಕಾಂಗ್ರೆಸ್ 132 ಗೆದ್ದಿತು, ಕೃಷ್ಣ ಮುಖ್ಯಮಂತ್ರಿಯಾದರು. ಅಲ್ಲಿಂದಾಚೆ 'ಕುರುಡುಮಲೆಯಿಂದ ಹೊರಟರೆ ವಿಧಾನಸೌಧ' ಎಂಬ ನಂಬಿಕೆ ಬೆಳೆಯಿತು.

ಅದನ್ನು ನಂಬಿದ್ದು ಒಂದೇ ಪಕ್ಷವಲ್ಲ. 2022ರ ನವೆಂಬರ್‌ನಲ್ಲಿ ಎಚ್‌.ಡಿ. ಕುಮಾರಸ್ವಾಮಿ ಇಲ್ಲೇ ಪೂಜೆ ಸಲ್ಲಿಸಿ ಮುಳಬಾಗಿಲಿನಿಂದ ಜೆಡಿಎಸ್‌ನ ಪಂಚರತ್ನ ರಥಯಾತ್ರೆ ಆರಂಭಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ, 2023ರ ಫೆಬ್ರುವರಿಯಲ್ಲಿ, ಡಿ.ಕೆ. ಶಿವಕುಮಾರ್ ತಮ್ಮ ಪಾಲಿನ ಪ್ರಜಾಧ್ವನಿ ಯಾತ್ರೆಯನ್ನು ಇದೇ ಗಣಪನ ಮುಂದೆ ಕಾಯಿ ಒಡೆದು ಶುರುಮಾಡಿದರು. ಮೇ ತಿಂಗಳ ಫಲಿತಾಂಶದಲ್ಲಿ ಒಬ್ಬರ ಪಕ್ಷಕ್ಕೆ 135 ಸ್ಥಾನ ಬಂತು, ಇನ್ನೊಬ್ಬರ ಪಕ್ಷಕ್ಕೆ 19. ಆದರೂ ಗಣಪ ಜೆಡಿಎಸ್‌ನವರನ್ನು ಪೂರ್ತಿ ಕೈಬಿಟ್ಟ ಎನ್ನುವಂತಿಲ್ಲ. ಆ 19ರಲ್ಲಿ ಮುಳಬಾಗಿಲು, ಶ್ರೀನಿವಾಸಪುರ ಎರಡೂ ಇದ್ದವು.

2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಲೋಕಸಭಾ ಪ್ರಚಾರಕ್ಕೂ ಇಲ್ಲಿಂದಲೇ ಚಾಲನೆ ಕೊಟ್ಟಿತು. ಮುಖ್ಯಮಂತ್ರಿ ಸಿದ್ದರಾಮಯ್ಯ, ಉಪಮುಖ್ಯಮಂತ್ರಿ ಶಿವಕುಮಾರ್ ಇಬ್ಬರೂ ಬಂದಿದ್ದರು. ರಾಜ್ಯದ 28 ಸ್ಥಾನಗಳಲ್ಲಿ ಪಕ್ಷಕ್ಕೆ ಸಿಕ್ಕಿದ್ದು 9. ಗಣಪನ ಸ್ವಂತ ಕ್ಷೇತ್ರವಾದ ಕೋಲಾರವೇ ಜೆಡಿಎಸ್‌ನ ಮಲ್ಲೇಶ್ ಬಾಬು ಅವರ ಪಾಲಾಯಿತು. ಇದರಿಂದ ನಂಬಿಕೆಗೇನಾದರೂ ಧಕ್ಕೆ ಬಂತೇ ಎಂದರೆ ಇಲ್ಲ. ಗೆದ್ದವರು ನೆನಪಿಡುತ್ತಾರೆ, ಸೋತವರು ಬೇರೆ ಕಾರಣ ಹುಡುಕುತ್ತಾರೆ.

ಚೋಳರ ಕಾಲದಿಂದ ಬಂದ ವಾಡಿಕೆ

ಆಳುವವರು ಊರ ದೇವರ ಮುಂದೆ ತಲೆಬಾಗುವುದು ಈ ಜಿಲ್ಲೆಗೆ ಹೊಸದಲ್ಲ. ಗಂಗರ ಕಾಲದ ಕುವಳಾಲಪುರವೇ ಇಂದಿನ ಕೋಲಾರ. ಗಂಗರನ್ನು ಸೋಲಿಸಿ ಬಂದ ಚೋಳರು ಇಲ್ಲಿನ ದೇವಿಯನ್ನು ಬದಲಿಸಲು ಹೋಗಲಿಲ್ಲ. ಅವಳ ಗುಡಿಯನ್ನೇ ಬೆಳೆಸಿದರು, ದತ್ತಿ ಬಿಟ್ಟರು, ಶಾಸನ ಕೊರೆಸಿದರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಅದೇ ಆವರಣದಲ್ಲಿ ಚೇಳಿನ ದೇವತೆ ಚೇಳಮ್ಮನಿದ್ದಾಳೆ. ನೆಲದೊಳಗೆ ಕೊರೆದ ಹಳೆಯ ಹುಂಡಿಗೆ ಭಕ್ತರು ಇಂದಿಗೂ ಕಾಣಿಕೆ ಹಾಕುತ್ತಾರೆ. ಮೈಸೂರಿನ ಅರಸರೂ ಈ ದೇವಿಯ ದರ್ಶನಕ್ಕೆ ಬರುತ್ತಿದ್ದರು. ಗೆದ್ದವನು ಯಾರೇ ಆಗಲಿ, ಕೋಲಾರಮ್ಮನ ಹೊಸ್ತಿಲು ದಾಟಿ ಬಂದರೆ ಊರು ಅವನನ್ನು ಒಪ್ಪಿಕೊಳ್ಳುತ್ತಿತ್ತು.

ಗುರುವಿನ ಮಾತಿಗೆ ಕಿವಿಗೊಡುವ ನಾಯಕನೂ ಹೊಸಬನಲ್ಲ. ಮುಳಬಾಗಿಲಿನ ಹೊರವಲಯದ ನರಸಿಂಹತೀರ್ಥದಲ್ಲಿ 15ನೇ ಶತಮಾನದ ಶ್ರೀಪಾದರಾಜರ ಬೃಂದಾವನವಿದೆ. ವಿಜಯನಗರದ ಸಾಳುವ ನರಸಿಂಹ ಅವರನ್ನು ಗುರುವೆಂದು ಗೌರವಿಸುತ್ತಿದ್ದ ಎಂದು ಮಠದ ಪರಂಪರೆ ಹೇಳುತ್ತದೆ. ಅವರಲ್ಲಿ ಓದಿದ ವ್ಯಾಸತೀರ್ಥರು ಮುಂದೆ ಕೃಷ್ಣದೇವರಾಯನ ಆಸ್ಥಾನದಲ್ಲಿ ಮನ್ನಣೆ ಪಡೆದರು. ಅದೇ ಮುಳಬಾಗಿಲಿನಲ್ಲಿ ಹೈದರ್ ವಲಿ ದರ್ಗಾ ಇದೆ, ಉರುಸಿಗೆ ಎಲ್ಲ ಜಾತಿಯವರೂ ಬರುತ್ತಾರೆ. ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲಿದೆ. ಹೀಗಾಗಿ ಇಲ್ಲಿ ಮತ ಕೇಳಲು ಬರುವವರ ಪಟ್ಟಿಯಲ್ಲಿ ಗುಡಿ, ದರ್ಗಾ, ಚರ್ಚು ಮೂರೂ ಇರಲೇಬೇಕು. ಒಂದು ಬಿಟ್ಟರೆ ಸಂಜೆಯೊಳಗೆ ಮಾತಾಗುತ್ತದೆ.

ನಾಸ್ತಿಕರೋ, ಅಲ್ಲವೋ

ಈ ಮೂರು ಬಾಗಿಲಿನ ಸುತ್ತನ್ನು ಇತ್ತೀಚೆಗೆ ರಾಜ್ಯವೆಲ್ಲ ಗಮನಿಸಿದ್ದು ಸಿದ್ದರಾಮಯ್ಯ ಕೋಲಾರದಲ್ಲಿ ಕ್ಷೇತ್ರ ಹುಡುಕಿದಾಗ. 2022ರ ನವೆಂಬರ್‌ನಲ್ಲಿ ಅವರು ಬಸ್ಸಿನಲ್ಲಿ ಬಂದರು. ಕೋಲಾರಮ್ಮನ ದರ್ಶನ ಮಾಡಿದರು, ಚರ್ಚಿಗೂ ದರ್ಗಾಕ್ಕೂ ಹೋದರು. 2023ರ ಜನವರಿ 9ರಂದು ಕೋಲಾರದಿಂದಲೇ ಸ್ಪರ್ಧಿಸುವುದಾಗಿ ಸಾರಿದರು. ಕೊನೆಗೆ ನಿಂತಿದ್ದು ವರುಣಾದಲ್ಲಿ. ಕೋಲಾರದ ಟಿಕೆಟ್ ಕೊತ್ತೂರು ಮಂಜುನಾಥ್ ಅವರಿಗೆ ಸಿಕ್ಕಿತು, ಅವರು ಗೆದ್ದರು.

ಅಂದು ಕೋಲಾರದ ಹೋಟೆಲುಗಳಲ್ಲಿ ಚರ್ಚೆ ನಡೆದಿದ್ದು ಕ್ಷೇತ್ರದ ಬಗ್ಗೆ ಅಷ್ಟೇ ಅಲ್ಲ. ನಾಸ್ತಿಕರೆಂದು ಹೆಸರಾದವರು ಅಮ್ಮನ ಗುಡಿಗೆ ಬಂದದ್ದು ಏಕೆ ಎನ್ನುವುದೂ ಮಾತಾಗಿತ್ತು. ಆ ಹೆಸರು ಸಿದ್ದರಾಮಯ್ಯ ತಾವೇ ಇಟ್ಟುಕೊಂಡದ್ದಲ್ಲ. ತಾನು ನಾಸ್ತಿಕನಲ್ಲ, ಮೌಢ್ಯದ ವಿರೋಧಿ ಎಂದು ಅವರು ಹಲವು ಸಲ ಹೇಳಿದ್ದಾರೆ. ಅವರ ಹುಟ್ಟೂರು ಮೈಸೂರು ಜಿಲ್ಲೆಯ ಸಿದ್ದರಾಮನಹುಂಡಿ. ಊರಿನ ಹೆಸರಿನಲ್ಲೂ ಅವರ ಹೆಸರಿನಲ್ಲೂ ಒಬ್ಬನೇ ದೇವರು ಕೂತಿದ್ದಾನೆ. ಶಾಲೆಗೆ ಸೇರುವ ಮೊದಲು ಹುಡುಗ ಕಲಿತದ್ದು ವೀರಮಕ್ಕಳ ಕುಣಿತ, ಅಂದರೆ ದೇವರ ಉತ್ಸವದ ಕುಣಿತ. ದೊಡ್ಡ ನಾಯಕರಾದ ಮೇಲೂ ಊರ ಜಾತ್ರೆಯಲ್ಲಿ ಅವರು ಹೆಜ್ಜೆ ಹಾಕಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ.

ಅದೇ ಮನುಷ್ಯ ಪಂಚಾಂಗದವರ ಮಾತು ಕೇಳುವುದಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಹೆದರಿಕೆಯಿಂದ ಹಲವರು ಆ ಊರನ್ನೇ ತಪ್ಪಿಸುತ್ತಿದ್ದರು. ಸಿದ್ದರಾಮಯ್ಯ ಮತ್ತೆ ಮತ್ತೆ ಹೋದರು, 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. 2023ರ ಜೂನ್‌ನಲ್ಲಿ ವಿಧಾನಸೌಧದ ಮುಖ್ಯಮಂತ್ರಿ ಕೊಠಡಿಯ ದಕ್ಷಿಣದ ಬಾಗಿಲು ವಾಸ್ತು ಸರಿಯಿಲ್ಲವೆಂದು ಮುಚ್ಚಿರುವುದು ಗೊತ್ತಾದಾಗ ತೆಗೆಸಿ ಅದರಿಂದಲೇ ಒಳಹೋದರು. ಆದರೆ 2016ರಲ್ಲಿ ಅವರ ಕಾರಿನ ಮೇಲೆ ಕಾಗೆ ಕೂತ ಕೆಲವೇ ದಿನಕ್ಕೆ ಹೊಸ ಕಾರು ಬಂದಾಗ ವಿರೋಧಿಗಳು ಬಿಡಲಿಲ್ಲ. ಕಾರು ಹಳೆಯದಾಗಿತ್ತು ಎಂಬ ಉತ್ತರವನ್ನು ಕೇಳುವ ಸಹನೆ ಯಾರಿಗೂ ಇರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಮೀನೂಟ ಮಾಡಿ ಧರ್ಮಸ್ಥಳದ ದೇವಾಲಯಕ್ಕೆ ಹೋದರು ಎಂಬುದು ಇನ್ನೊಂದು ಗದ್ದಲ. ಕೋಲಾರ ಸೀಮೆಯಲ್ಲಿ ಈ ಆಕ್ಷೇಪ ಅಷ್ಟಾಗಿ ಗಿಟ್ಟಲಿಲ್ಲ ಎಂದೇ ನನ್ನ ಊಹೆ. ಹಳ್ಳಿಯ ಗಂಗಮ್ಮ, ಮಾರಮ್ಮರಿಗೆ ಕುರಿ ಕೋಳಿ ಕೊಡುವ ಮನೆಗಳಲ್ಲಿ ದೇವರಿಗೂ ಮಾಂಸಕ್ಕೂ ಜಗಳವಿಲ್ಲ.

ಅವರ ಮೊದಲ ಅವಧಿಯಲ್ಲೇ ಬಂದ 2017ರ ಮೌಢ್ಯ ನಿಷೇಧ ಕಾಯ್ದೆಯನ್ನು ಓದಿದರೆ ಈ ನಿಲುವು ಇನ್ನೂ ಸ್ಪಷ್ಟವಾಗುತ್ತದೆ. ಅಮಾನವೀಯ ಆಚರಣೆಗಳನ್ನು, ವಾಮಾಚಾರವನ್ನು ಅದು ಶಿಕ್ಷಾರ್ಹವಾಗಿಸಿತು. ಪ್ರದಕ್ಷಿಣೆ, ಯಾತ್ರೆ, ಭಜನೆ, ಜಾತ್ರೆಗಳನ್ನು ಹೊರಗಿಟ್ಟಿತು. ಜ್ಯೋತಿಷಿಯ ಸಲಹೆ, ವಾಸ್ತು ಸಲಹೆಗಳನ್ನೂ ಹೊರಗಿಟ್ಟಿತು. ದಕ್ಷಿಣದ ಬಾಗಿಲನ್ನು ತೆರೆಸಬಲ್ಲ ಮುಖ್ಯಮಂತ್ರಿಗೂ ವಾಸ್ತು ಹೇಳುವವರ ಬಾಯಿಗೆ ಬೀಗ ಹಾಕುವ ಶಾಸನಬಲ ಇರಲಿಲ್ಲ. ಆಳುವ ಪಕ್ಷದ ಸಾಲಿನಲ್ಲೇ ಎಷ್ಟು ಮಂದಿ ಕೈಯಲ್ಲಿ ನಿಂಬೆಹಣ್ಣು ಹಿಡಿದವರಿದ್ದರೋ!

ಯಾರ ಹೆಸರಿನಲ್ಲಿ ಪ್ರಮಾಣ

ನಾಯಕರ ನಂಬಿಕೆಯನ್ನು ಕಾನೂನೇ ಬಾಯಿಬಿಟ್ಟು ಕೇಳುವ ಸಂದರ್ಭ ಒಂದಿದೆ, ಅದು ಪ್ರಮಾಣವಚನ. ಸಂವಿಧಾನದ ಮೂರನೇ ಅನುಸೂಚಿ ಎರಡು ದಾರಿ ಕೊಡುತ್ತದೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು. ಬಹಳ ಓದುಗರು ಗಮನಿಸದ ಸಂಗತಿಯೆಂದರೆ ಈ ಆಯ್ಕೆ ಮಂತ್ರಿಯಾದಾಗ ಮೊದಲ ಸಲ ಎದುರಾಗುವುದಲ್ಲ. ನಾಮಪತ್ರ ಸಲ್ಲಿಸಿದ ಅಭ್ಯರ್ಥಿಯೂ ಚುನಾವಣಾಧಿಕಾರಿಯ ಮೇಜಿನ ಮುಂದೆ ಇದೇ ರೀತಿ ಪ್ರಮಾಣ ಮಾಡಬೇಕು. ಕ್ಯಾಮೆರಾ ಇರಲಿ ಬಿಡಲಿ, ಅಲ್ಲಿ ಪ್ರತಿಯೊಬ್ಬರೂ ದೇವರೋ ಅಲ್ಲವೋ ಎಂದು ಆರಿಸಿಕೊಂಡೇ ಬರುತ್ತಾರೆ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳನ್ನು ತಿಳಿಸುವ ಅಫಿಡವಿಟ್‌ನಲ್ಲಿ ಮಾತ್ರ ಮನೆದೇವರ ಬಗ್ಗೆ ಯಾವ ಪ್ರಶ್ನೆಯೂ ಇಲ್ಲ.

2023ರ ಮೇ 20ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿದ್ದರಾಮಯ್ಯ ದೇವರ ಹೆಸರಿನಲ್ಲೇ ಪ್ರಮಾಣ ಮಾಡಿದರು. ಶಿವಕುಮಾರ್ ಮಾತ್ರ ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಗಂಗಾಧರ ಅಜ್ಜನ ಹೆಸರು ಹೇಳಿದರು. ಸತೀಶ ಜಾರಕಿಹೊಳಿ ಬುದ್ಧ, ಬಸವ, ಅಂಬೇಡ್ಕರ್ ಅವರನ್ನು ನೆನೆದರು. ಸಂವಿಧಾನದ ಅಕ್ಷರಕ್ಕೆ ಇವು ಹೊಂದುತ್ತವೆಯೇ ಎಂಬ ಪ್ರಶ್ನೆ ಹಳೆಯದು. ಕೇರಳದಲ್ಲಿ ಶಾಸಕರೊಬ್ಬರು 2001ರಲ್ಲಿ ಶ್ರೀ ನಾರಾಯಣ ಗುರುವಿನ ಹೆಸರಿನಲ್ಲಿ ಪ್ರಮಾಣ ಮಾಡಿದ್ದನ್ನು ಅಲ್ಲಿನ ಹೈಕೋರ್ಟ್ ಒಪ್ಪಲಿಲ್ಲ. ನನಗನ್ನಿಸುವುದು ಇಷ್ಟು: ನಾಯಕರ ವೈಯಕ್ತಿಕ ನಂಬಿಕೆ ನಿಜವಾಗಿ ಇಣುಕುವುದು ಇಂಥ ಪುಟ್ಟ ಉಲ್ಲಂಘನೆಗಳಲ್ಲಿ. ಬರೆದುಕೊಟ್ಟ ವಾಕ್ಯ ಬಿಟ್ಟು ಅಜ್ಜನ ಹೆಸರು ಹೇಳುವವನಿಗೆ ಆ ಅಜ್ಜ ಏನೋ ಆಗಿರಲೇಬೇಕು.

ರಾಹುಕಾಲ ಕಳೆಯಲಿ

ನಾಮಪತ್ರ ಸ್ವೀಕರಿಸುವ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಈ ನಾಲ್ಕು ಗಂಟೆಯೊಳಗೆ ಪಂಚಾಂಗವನ್ನು ತುರುಕುವುದು ಸುಲಭದ ಕೆಲಸವಲ್ಲ. ವಾಡಿಕೆಯ ಲೆಕ್ಕದಲ್ಲಿ ಶುಕ್ರವಾರ 12ರವರೆಗೆ ರಾಹುಕಾಲ. ಬುಧವಾರ 12ರಿಂದ ಒಂದೂವರೆ, ಗುರುವಾರ ಒಂದೂವರೆಯಿಂದ 3. ಸೋಮವಾರ, ಶನಿವಾರದ ರಾಹುಕಾಲ ಕಚೇರಿ ತೆರೆಯುವ ಮೊದಲೇ ಮುಗಿದಿರುತ್ತದೆ, ಮಂಗಳವಾರದ್ದು ಕಚೇರಿ ಮುಚ್ಚುವಾಗ ಶುರುವಾಗುತ್ತದೆ. ಮಂಗಳವಾರ, ಶನಿವಾರ ಒಳ್ಳೆಯ ಕೆಲಸ ಬೇಡ ಎನ್ನುವವರಿಗೆ ನಾಲ್ಕೂ ಗಂಟೆ ಪೂರ್ತಿ ಉಳಿಯುವುದು ಸೋಮವಾರ ಒಂದೇ.

2023ರ ವಿಧಾನಸಭಾ ಚುನಾವಣೆಯ ವೇಳಾಪಟ್ಟಿ ನೋಡಿ. ಏಪ್ರಿಲ್ 13ರ ಗುರುವಾರ ನಾಮಪತ್ರ ಶುರು. 14 ಅಂಬೇಡ್ಕರ್ ಜಯಂತಿಯ ರಜೆ, 16 ಭಾನುವಾರ. ಕೊನೆಯ ದಿನ 20, ಗುರುವಾರ. ಸಾಲದ್ದಕ್ಕೆ ಅವತ್ತು ಅಮಾವಾಸ್ಯೆ, ಅದರ ಮೇಲೆ ಭಾರತದಲ್ಲಿ ಕಾಣದ ಒಂದು ಸೂರ್ಯಗ್ರಹಣ. ಶುಭದಿನ ಬೇಕೆನ್ನುವವರ ಕಣ್ಣು 17ರ ಸೋಮವಾರದ ಮೇಲೆ ಬೀಳುವುದು ಸಹಜ. ಶಿವಕುಮಾರ್ ಕನಕಪುರದಲ್ಲಿ ಆ ಸೋಮವಾರವೇ ಸಲ್ಲಿಸಿದರು. ಸಿದ್ದರಾಮಯ್ಯ ವರುಣಾದಲ್ಲಿ 19ರ ಬುಧವಾರ ಸಲ್ಲಿಸಿದರು. ಬರಿಯ ದಿನಾಂಕ ನೋಡಿ ಒಬ್ಬರನ್ನು ಭಕ್ತ, ಇನ್ನೊಬ್ಬರನ್ನು ವಿಚಾರವಾದಿ ಎನ್ನಲಾಗದು ಎಂಬುದೇನೋ ಸರಿ. ಇಬ್ಬರೂ ಗೆದ್ದರು ಎನ್ನುವುದೂ ಸರಿ.

ಮುಹೂರ್ತ ಮತ್ತು ಮೆರವಣಿಗೆ ಎರಡೂ ಬೇಕೆನ್ನುವವರಿಗೆ ಕಾನೂನು ಒಂದು ಸಡಿಲಿಕೆ ಕೊಟ್ಟಿದೆ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಸೂಚಕರ ಕೈಲೂ ಕಳಿಸಬಹುದು. ಹಾಗಾಗಿ ಒಂದು ಸೆಟ್ಟು ಒಳ್ಳೆಯ ಗಳಿಗೆಯಲ್ಲಿ ಸದ್ದಿಲ್ಲದೆ ತಹಶೀಲ್ದಾರ್ ಕಚೇರಿ ಸೇರುತ್ತದೆ, ಇನ್ನೊಂದು ತೆರೆದ ವಾಹನದ ಮೇಲೆ ಜನಜಾತ್ರೆಯೊಡನೆ ಬರುತ್ತದೆ.

ಶಕುನ ಹುಟ್ಟುವುದು ಹೇಗೆ ಎನ್ನುವುದಕ್ಕೆ ಶ್ರೀನಿವಾಸಪುರ ಒಳ್ಳೆಯ ಪಾಠ. ಅಲ್ಲಿ 'ಸ್ವಾಮಿ' ಎಂದರೆ ಕೆ.ಆರ್. ರಮೇಶ್ ಕುಮಾರ್, 'ರೆಡ್ಡಿ' ಎಂದರೆ ಜಿ.ಕೆ. ವೆಂಕಟಶಿವಾರೆಡ್ಡಿ. 1978ರಿಂದ 2013ರವರೆಗೆ ಒಂದು ಸಲ ಸ್ವಾಮಿ, ಮರುಸಲ ರೆಡ್ಡಿ. ಪಕ್ಷ ಬದಲಾದರೂ ಸರದಿ ತಪ್ಪಲಿಲ್ಲ. ಮೂರೂವರೆ ದಶಕ ಹೀಗೇ ನಡೆದ ಮೇಲೆ ಅದು ವಿಧಿಯೆಂದೇ ಜನ ನಂಬಿದರು. 2018ರಲ್ಲಿ ರಮೇಶ್ ಕುಮಾರ್ ಸತತ ಎರಡನೇ ಸಲ ಗೆದ್ದು ಸರದಿ ಮುರಿದರು. 2023ರಲ್ಲಿ ರೆಡ್ಡಿ ಬಂದರು, ಜನ ಮತ್ತೆ ಸರದಿ ಎಣಿಸತೊಡಗಿದರು.

ಆಣೆ ಇಡಿಸುವುದು

ನಂಬಿಕೆ ಒಳಗಿನಿಂದ ಹೊರಬಂದು ಆಯುಧವಾಗುವುದು ಆಣೆಯಲ್ಲಿ. ಮುಳಬಾಗಿಲಿನಿಂದ ಗಡಿ ದಾಟಿ ಪಲಮನೇರು, ಚಿತ್ತೂರಿನ ಕಡೆ ಹೋದರೆ ಕಾಣಿಪಾಕಂ ಸಿಗುತ್ತದೆ. ಅಲ್ಲಿನ ವರಸಿದ್ಧಿ ವಿನಾಯಕನ ಮುಂದೆ ಸುಳ್ಳು ಹೇಳಿದವರು ಉಳಿಯುವುದಿಲ್ಲ ಎಂದು ಗಡಿಯ ಎರಡೂ ಕಡೆಯವರು ನಂಬುತ್ತಾರೆ. ಜಮೀನಿನ ತಗಾದೆಯಿಂದ ಹಿಡಿದು ಸಾಲದ ಜಗಳದವರೆಗೆ 'ಕಾಣಿಪಾಕಕ್ಕೆ ಬಾ, ಪ್ರಮಾಣ ಮಾಡು' ಎಂಬ ಮಾತು ಇಲ್ಲಿ ಕೋರ್ಟ್ ನೋಟಿಸಿಗಿಂತ ತೂಕದ್ದು. ರಾಜಕಾರಣಿಗಳು ಅದನ್ನು ಹಳ್ಳಿ ಜನರಿಂದಲೇ ಕಲಿತರು.

ರಾಜ್ಯಮಟ್ಟದಲ್ಲಿ ಇದರ ದೊಡ್ಡ ಪ್ರಸಂಗ 2011ರ ಜೂನ್‌ನದು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಮಾಡಿ ಎಂದು ಕುಮಾರಸ್ವಾಮಿಯವರಿಗೆ ಸವಾಲು ಹಾಕಿದರು. ಇಬ್ಬರೂ ಧರ್ಮಸ್ಥಳಕ್ಕೆ ಹೋದರು, ಪೂಜೆ ಮಾಡಿಸಿದರು, ಆಣೆ ಮಾತ್ರ ಮಾಡಲಿಲ್ಲ. ಅದನ್ನು ನಾಟಕವೆಂದು ನಕ್ಕವರು ಬಹಳ. ಆದರೆ ಕೊನೆ ಗಳಿಗೆಯಲ್ಲಿ ಇಬ್ಬರೂ ಹಿಂಜರಿದದ್ದು ಅವರ ಭಕ್ತಿಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸಾಕ್ಷಿ ಎಂದು ನಾನು ಓದುತ್ತೇನೆ. ದೇವರಿಲ್ಲ ಎಂದು ಒಳಗೊಳಗೇ ನಂಬಿದವನು ಕಣ್ಣು ಮಿಟುಕಿಸದೆ ಆಣೆ ಇಟ್ಟು ಬರುತ್ತಿದ್ದ.

ಮತದಾರರಿಂದ ಆಣೆ ಇಡಿಸುವುದು ಬೇರೆಯೇ ಕಥೆ. ನೋಟಿನ ಕವರಿನ ಜೊತೆ ದೇವರ ಪಟ ಮುಟ್ಟಿಸುವುದು, ಹಾಲು ಮುಟ್ಟಿಸಿ ಮಾತು ತೆಗೆದುಕೊಳ್ಳುವುದು ಹಳ್ಳಿಗಳಲ್ಲಿ ಕೇಳದ ಮಾತಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಇದನ್ನು ಮೊದಲೇ ಊಹಿಸಿತ್ತು. ಹಣ ಕೊಡುವುದು ಲಂಚ. ಹೀಗೆ ಮಾಡಿದರೆ ಅಥವಾ ಮಾಡದಿದ್ದರೆ ದೈವದ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದು ಅನುಚಿತ ಪ್ರಭಾವ. ಎರಡೂ ಚುನಾವಣಾ ಭ್ರಷ್ಟಾಚಾರವೇ, ಸಾಬೀತಾದರೆ ಆಯ್ಕೆ ರದ್ದಾಗುತ್ತದೆ. ಹಣ ತೆಗೆದುಕೊಂಡ ಮನೆಯ ಹೆಂಗಸರು ಕೊಟ್ಟ ಮಾತಿಗೆ ಕಟ್ಟುಬೀಳುವಾಗ ಕೊಟ್ಟವರು ಅದೇ ಪಟವನ್ನು ಮುಂದಿನ ಬೀದಿಗೆ ಒಯ್ಯುತ್ತಾರೆ. ಇಲ್ಲಿ ನಿಜವಾಗಿ ನಂಬಿದವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ಕೆಂಪು ಸೀರೆಯ ಬಸ್ಸುಗಳು

ಡಿಸೆಂಬರ್ ಬಂತೆಂದರೆ ಕೋಲಾರ, ಮಾಲೂರಿನ ಬಸ್ ನಿಲ್ದಾಣಗಳು ಕೆಂಪಾಗುತ್ತವೆ. ಓಂಶಕ್ತಿ ಮಾಲೆ ಹಾಕಿದ ಹೆಂಗಸರು ಇರುಮುಡಿ ಹೊತ್ತು ತಮಿಳುನಾಡಿನ ಮೇಲ್‌ಮರುವತ್ತೂರಿಗೆ ಹೊರಡುತ್ತಾರೆ. ಕೂಲಿ ಮಾಡುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ರೇಷ್ಮೆ ಮನೆಯವರು. ಮುಟ್ಟಿನ ಮಡಿಯನ್ನು ಲೆಕ್ಕಿಸದೆ ಹೆಂಗಸರನ್ನು ಗರ್ಭಗುಡಿಯ ಹತ್ತಿರಕ್ಕೆ ಬಿಟ್ಟುಕೊಂಡ ಪಂಥ ಅದು, ಇಷ್ಟು ಹಬ್ಬಿದ್ದಕ್ಕೆ ಅದೂ ಒಂದು ಕಾರಣ.

ಬಸ್ಸಿನ ಮುಂದೆ ಅಮ್ಮನ ಚಿತ್ರದ ಪಕ್ಕದಲ್ಲಿ ಸ್ಥಳೀಯ ನಾಯಕರ ಫ್ಲೆಕ್ಸು ಇರುತ್ತದೆ. ಬಾಡಿಗೆ ಅವರದು, ಕೆಲವೊಮ್ಮೆ ಊಟವೂ ಅವರದು. ಊರಿಗೆ ಬಂದ ನಾಯಕರನ್ನು ಹೆಂಗಸರು ಸುತ್ತುವರಿದು 'ಅಣ್ಣಾ, ನಮ್ ಬೀದಿಗೂ ಒಂದು ಬಸ್ ಮಾಡ್ಸಿ' ಎನ್ನುತ್ತಾರೆ. ಗಂಡಸರ ಬೇಡಿಕೆ ಬೇರೆ, ಗುಡಿಯ ಜೀರ್ಣೋದ್ಧಾರ, ಗೋಪುರಕ್ಕೆ ಸಿಮೆಂಟು, ಉತ್ಸವಕ್ಕೆ ಆರ್ಕೆಸ್ಟ್ರಾ. ಚುನಾವಣೆ ಘೋಷಣೆಯಾಗುವ ಮೊದಲು ಇದು ದಾನ, ಘೋಷಣೆಯಾದ ಮೇಲೆ ಆಮಿಷ. ನಡುವಿನ ಗೆರೆ ಒಂದು ಪತ್ರಿಕಾಗೋಷ್ಠಿಯ ಹೊತ್ತು ಮಾತ್ರ. ಎಷ್ಟೋ ನಾಯಕರು ತಮ್ಮ ಹರಕೆಯನ್ನೂ ಇದರೊಳಗೇ ತೀರಿಸಿಕೊಳ್ಳುತ್ತಾರೆ. ನೂರು ಜನರನ್ನು ಯಾತ್ರೆಗೆ ಕಳಿಸಿದ ಪುಣ್ಯ ಒಂದು ಕಡೆ, ನೂರು ಮನೆಯ ಪರಿಚಯ ಇನ್ನೊಂದು ಕಡೆ.

ಕಾನೂನು ಎಲ್ಲಿ ತಡೆಯುತ್ತದೆ

ನಾಯಕರು ಗುಡಿಗೆ ಹೋಗುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯ ಅವರಿಗೂ ಉಂಟು. ತಡೆ ಇರುವುದು ಗುಡಿಯನ್ನು ವೇದಿಕೆ ಮಾಡಿಕೊಳ್ಳುವುದಕ್ಕೆ. ಮಾದರಿ ನೀತಿಸಂಹಿತೆ ಪೂಜಾಸ್ಥಳಗಳಲ್ಲಿ ಪ್ರಚಾರ ಬೇಡವೆನ್ನುತ್ತದೆ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ 1988ರ ಕಾಯ್ದೆಯೂ ಇದೆ. ಕುರುಡುಮಲೆಯಲ್ಲಿ ಪೂಜೆ, ಭಾಷಣ ಮಾತ್ರ ಹೊರಗೆ ಎಂಬ ಏರ್ಪಾಡಿನ ಹಿಂದೆ ಇದೂ ಒಂದು ಕಾರಣ.

ಧರ್ಮದ ಹೆಸರಿನಲ್ಲಿ ಮತ ಕೇಳುವಂತಿಲ್ಲ ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಬಿಗಿಗೊಳಿಸಿತು. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮವನ್ನು ಮುಂದಿಟ್ಟು ಕೇಳುವುದೂ ತಪ್ಪು ಎಂದಿತು. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಹೀಗೆಂದರೆ ಮೂವರು ಒಪ್ಪಲಿಲ್ಲ. ಧರ್ಮ, ಜಾತಿಯ ಕಾರಣಕ್ಕೆ ಅನ್ಯಾಯ ಉಂಡವರು ಆ ಅನ್ಯಾಯದ ಮಾತನ್ನೂ ಚುನಾವಣೆಯಲ್ಲಿ ಎತ್ತಬಾರದೇ ಎಂಬುದು ಆ ಮೂವರ ಚಿಂತೆಯಾಗಿತ್ತು. ಕೋಲಾರದಂಥ ಜಿಲ್ಲೆಯಲ್ಲಿ ಕೂತು ಓದಿದರೆ ಆ ಭಿನ್ನಮತ ಹೆಚ್ಚು ಅರ್ಥವಾಗುತ್ತದೆ.

ಮುಳಬಾಗಿಲಿನವರೇ ಆದ ಡಿ.ವಿ. ಗುಂಡಪ್ಪ ಈ ಇಡೀ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದಿದ್ದರು. 1887ರಲ್ಲಿ ಈ ಊರಿನಲ್ಲಿ ಹುಟ್ಟಿದ ಅವರು ಮೈಸೂರು ಶಾಸನ ಪರಿಷತ್ತಿನ ಸದಸ್ಯರೂ ಆಗಿದ್ದರು. ಭಗವದ್ಗೀತೆಯ ಮೇಲೆ ದೊಡ್ಡ ಗ್ರಂಥ ಬರೆದವರು. 1945ರಲ್ಲಿ ಕಟ್ಟಿದ ಸಂಸ್ಥೆಗೆ ಅವರು ಇಟ್ಟದ್ದು ಗೋಪಾಲಕೃಷ್ಣ ಗೋಖಲೆಯವರ ಹೆಸರು. ಸಾರ್ವಜನಿಕ ಜೀವನ ಆಧ್ಯಾತ್ಮಿಕವಾಗಬೇಕು ಎಂಬುದು ಗೋಖಲೆಯವರ ಆಶಯ. ಅದನ್ನು ಡಿವಿಜಿ ಲೆಕ್ಕಪತ್ರದ ಶುದ್ಧಿ, ಅಧಿಕಾರದ ಹಂಬಲ ಬಿಡುವುದು ಎಂಬ ಅರ್ಥದಲ್ಲಿ ಬಾಳಿ ತೋರಿಸಿದರು. ಅಭ್ಯರ್ಥಿಗಳ ಕಾರುಗಳು ಅವರ ಊರಿನ ಮೇಲೆಯೇ ಕುರುಡುಮಲೆಗೆ ಹೋಗುತ್ತವೆ.

ಪೂರ್ಣಕುಂಭ ಯಾರಿಗೆ

ಕೋಲಾರ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ ಮೂರು ಪರಿಶಿಷ್ಟ ಜಾತಿಗೆ ಮೀಸಲು. ಲೋಕಸಭಾ ಕ್ಷೇತ್ರವೂ ಮೀಸಲು. ಅಂದರೆ ಕುರುಡುಮಲೆಯ ಗಣಪನ ಮುಂದೆ ಸ್ಥಳೀಯ ಅಭ್ಯರ್ಥಿಯಾಗಿ ನಿಲ್ಲುವವರೆಲ್ಲ, ಪಕ್ಷ ಯಾವುದೇ ಇರಲಿ, ದಲಿತರು. ಅವರನ್ನು ಅರ್ಚಕರು ಬಾಗಿಲಿಗೆ ಬಂದು ಕರೆದೊಯ್ಯುತ್ತಾರೆ. ಮಾಲೆ, ಶಾಲು, ಪೂರ್ಣಕುಂಭ ಎಲ್ಲವೂ ಸಲ್ಲುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಗ್ರಾಮದೇವತೆಯ ಉತ್ಸವ ನಡೆದಿತ್ತು. ದೇವರ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ. ಊರಿನ ಪ್ರಮುಖರು ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ವಿಷಯ ಹೊರಬಿದ್ದ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಅಧಿಕಾರಿಗಳು, ಸಂಘಟನೆಯವರು, ನಾಯಕರು ಸಾಲುಗಟ್ಟಿ ಬಂದರು. ಇನ್ನು ಈ ದೇವರುಗಳ ಸಹವಾಸ ಬೇಡ, ಅಂಬೇಡ್ಕರ್ ಅವರನ್ನೇ ಪೂಜಿಸುತ್ತೇವೆ ಎಂದು ಹುಡುಗನ ಮನೆಯವರು ಹೇಳಿದರು.

ಒಂದೇ ಜಿಲ್ಲೆಯಲ್ಲಿ, ಒಂದೇ ಸಮುದಾಯದವರಿಗೆ, ಒಂದು ಗುಡಿಯಲ್ಲಿ ಪೂರ್ಣಕುಂಭ, ಇನ್ನೊಂದರಲ್ಲಿ ದಂಡ. ಇದು ಗೊತ್ತಿಲ್ಲದ ಶಾಸಕರು ಇಲ್ಲ. ಹಳ್ಳಿಯ ಗುಡಿಯ ಬಾಗಿಲನ್ನು ಎಲ್ಲರಿಗೂ ತೆರೆಸುವ ಮಾತು ಅವರ ಪ್ರಚಾರದಲ್ಲಿ ಕಾಣದಿರುವುದಕ್ಕೆ ಕಾರಣ ಭಕ್ತಿಯಲ್ಲೂ ಇಲ್ಲ, ನಾಸ್ತಿಕತೆಯಲ್ಲೂ ಇಲ್ಲ. ಗುಡಿಯ ಸಮಿತಿಯವರೇ ಹಾಲಿನ ಸೊಸೈಟಿಯಲ್ಲಿರುತ್ತಾರೆ, ಗ್ರಾಮ ಪಂಚಾಯಿತಿಯಲ್ಲಿರುತ್ತಾರೆ, ಬೂತಿನ ಏಜೆಂಟರೂ ಅವರೇ. ಮೀಸಲು ಕ್ಷೇತ್ರದ ಅಭ್ಯರ್ಥಿ ಗೆಲ್ಲಬೇಕಾದರೆ ತನ್ನವರಲ್ಲದವರ ಮತ ಬೇಕು, ಆ ಮತದ ಕೀಲಿ ಸಮಿತಿಯವರ ಕೈಯಲ್ಲಿದೆ. ಮಾಲೂರಿನಂಥ ಸಾಮಾನ್ಯ ಕ್ಷೇತ್ರದಲ್ಲಿ ಅಭ್ಯರ್ಥಿ ಬಹಳ ಸಲ ಆ ಸಮಿತಿಯವರ ನೆಂಟನೇ ಆಗಿರುತ್ತಾನೆ.